ಕಲ್ಲಿಲ್ಲದ ಕೋಟೆ

ಮಳೆ ಬಂದಾಗ ನೀರು ತಗ್ಗಿನ ಕಡೆಗೆ ಹರಿಯುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಆ ತಗ್ಗು ನಮ್ಮ ಮನೆಯೇ ಆಗಿಬಿಟ್ಟರೆ, ಗೊತ್ತಿದ್ದು ಮಾಡುವುದೇನು?

ಬೀದಿಯ ಕೊನೆಯ ಮನೆಯಲ್ಲಿದ್ದ ಅಕ್ಕನನ್ನು ಈ ಪ್ರಶ್ನೆ ಕೆಲವು ಮಳೆಗಾಲಗಳಿಂದ ಕಾಡುತ್ತಿತ್ತು. ಅವಳದು ಹೊಲಿಗೆಯ ಕೆಲಸ. ಹಿಂದಿನ ಕೋಣೆಯಲ್ಲಿ ಕಿಟಕಿಗೆ ಎದುರಾಗಿ ಕಾಲಿನಿಂದ ತುಳಿಯುವ ಯಂತ್ರ, ಅದರ ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಒರಗಿಸಿಟ್ಟ ಬಟ್ಟೆಯ ಸುರುಳಿಗಳು. ಆ ಕೋಣೆಗೆ ಹಿತ್ತಲಿನಿಂದ ನೀರು ನುಗ್ಗುತ್ತಿತ್ತು. ಹೋದ ಮಳೆಗಾಲದಲ್ಲಿ ಶಾಲೆಯವರು ಸಮವಸ್ತ್ರಕ್ಕೆಂದು ಕೊಟ್ಟಿದ್ದ ಬಟ್ಟೆ ಅಡಿಯಿಂದ ನೀರು ಕುಡಿದು ಬಣ್ಣ ಬಿಟ್ಟಿತು. ಶಾಲೆಯವರು ಜಗಳವಾಡಲಿಲ್ಲ, ಬೇರೆ ದರ್ಜಿಯನ್ನು ನೋಡಿಕೊಂಡರು. ಇನ್ನೊಮ್ಮೆ ನೀರು ಬಂದರೆ ಕೋಣೆಗೆ ಬೀಗ ಹಾಕಿ ಉಡುಪಿನ ಕಾರ್ಖಾನೆಗೆ ಕೂಲಿಗೆ ಹೋಗುವುದಾಗಿ ಅಕ್ಕ ಹೇಳಿದ್ದಳು. ಅವಳು ಬೆದರಿಸುವ ಹೆಂಗಸಲ್ಲ. ಹೇಳಿದರೆ ಮಾಡುವವಳು.

ಅವಳ ತಮ್ಮನನ್ನು ಎಲ್ಲರೂ ತೋಡಣ್ಣ ಎಂದು ಕರೆಯುತ್ತಿದ್ದರು. ಮಣ್ಣು ಅಗೆಯುವ ಯಂತ್ರ ನಡೆಸುವುದು ಅವನ ಕಸುಬು. ಅಡಿಪಾಯ ತೋಡಬೇಕೆ, ಚರಂಡಿ ತೋಡಬೇಕೆ, ಹಳೆಯ ಮನೆ ಕೆಡವಿ ಅವಶೇಷವನ್ನು ಗಾಡಿಗೆ ತುಂಬಬೇಕೆ, ಅವನಿಗೆ ಹೇಳಿಕಳಿಸಿದರೆ ಆಯಿತು. ಖಾಲಿ ನೆಲ ಕಂಡರೆ ಅವನ ಕೈ ತುರಿಸುತ್ತದೆ ಎಂದು ಭಾವ, ಅಂದರೆ ಅಕ್ಕನ ಗಂಡ, ತಮಾಷೆ ಮಾಡುತ್ತಿದ್ದ. ಭಾವ ಮನೆಮನೆಗೆ ಅಂಚೆ ಹಂಚುವವನು. ಕಾಗದದ ಜೊತೆಗೆ ನಗೆಚಾಟಿಕೆಯನ್ನೂ ಹಂಚುತ್ತಿದ್ದ.

ಅಕ್ಕನ ಹಿತ್ತಲಿನ ಆಚೆ ಒಂದು ದಿಬ್ಬವಿತ್ತು. ಬೋರಲು ಹಾಕಿದ ಬೋಗುಣಿಯಂತೆ ದುಂಡಗೆ, ನೆತ್ತಿ ಮಟ್ಟಸ, ಮೈತುಂಬ ಹುಲ್ಲು. ಅದರ ಬುಡವನ್ನು ಬಳಸಿ ಅಗಲವಾದ ಒಂದು ತಗ್ಗು. ಅದು ಏನು, ಯಾವಾಗ ಬಂತು ಎಂದು ಯಾರೂ ವಿಚಾರಿಸಿರಲಿಲ್ಲ. ಯಾವುದೋ ಕೆರೆ ತೋಡಿದ ಮಣ್ಣಿರಬೇಕು ಎಂದು ಕೆಲವರು, ಇಟ್ಟಿಗೆ ಗೂಡಿನ ಬೂದಿಯಿರಬೇಕು ಎಂದು ಕೆಲವರು ಹೇಳುತ್ತಿದ್ದರು. ಕೇಳುವವರಿಲ್ಲದ ಜಾಗವಾದ್ದರಿಂದ ಉತ್ತರದ ಅಗತ್ಯವೂ ಯಾರಿಗೂ ಬಿದ್ದಿರಲಿಲ್ಲ.

ತೋಡಣ್ಣನ ಯೋಚನೆ ಸರಳವಾಗಿತ್ತು. ದಿಬ್ಬದಲ್ಲಿ ಮಣ್ಣು ಹೆಚ್ಚು, ಅಕ್ಕನ ಹಿತ್ತಲಿನಲ್ಲಿ ಮಣ್ಣು ಕಡಿಮೆ. ಹೆಚ್ಚಿರುವಲ್ಲಿಂದ ತೆಗೆದು ಕಡಿಮೆಯಿರುವಲ್ಲಿಗೆ ಹಾಕಿದರೆ ಹಿತ್ತಲು ಏರುತ್ತದೆ, ನೀರು ಹೊರಗೇ ನಿಲ್ಲುತ್ತದೆ. ಲೆಕ್ಕ ಸರಿಹೋಯಿತು. ಮಳೆ ಇನ್ನೇನು ಬರುವುದರಲ್ಲಿದೆ ಎನ್ನುವಾಗ, ಒಂದು ಬೆಳಿಗ್ಗೆ ಅವನು ಯಂತ್ರವನ್ನು ದಿಬ್ಬದ ಬುಡಕ್ಕೆ ತಂದು ನಿಲ್ಲಿಸಿದ.

ಅಗೆಯುವ ಬಕೆಟ್ ಇನ್ನೂ ನೆಲ ಮುಟ್ಟಿರಲಿಲ್ಲ. ದಿಬ್ಬದ ಹಿಂದಿನಿಂದ ಒಬ್ಬ ಹೆಂಗಸು ಬಂದಳು. ಹೆಗಲ ಮೇಲೆ ಮೂರು ಕಾಲಿನ ಅಳತೆಯ ಉಪಕರಣ, ಕೈಯಲ್ಲಿ ಕೆಂಪು ಬಿಳುಪು ಪಟ್ಟೆಯ ಕೋಲು. ಪರಂಪರೆಯ ತಾಣಗಳನ್ನು ಕಾಯುವ ಕಚೇರಿಯವಳು. ಕೆಲವು ದಿನಗಳಿಂದ ಆ ಸುತ್ತಿನಲ್ಲಿ ಓಡಾಡುತ್ತಿದ್ದಳು. ಹೆಸರು ತಿಳಿಯದೆ ಜನ ಅವಳನ್ನು ಅಳತೆಯಮ್ಮ ಎಂದು ಕರೆಯತೊಡಗಿದ್ದರು.

"ಸ್ವಲ್ಪ ನಿಲ್ಸಿ" ಎಂದಳು.

ತೋಡಣ್ಣ ಯಂತ್ರ ಆರಿಸಿ ಬಗ್ಗಿ ನೋಡಿದ. "ಏನಮ್ಮಾ, ದಾರಿ ಬಿಡ್ಬೇಕಿತ್ತಾ?"

"ದಾರಿ ಬೇಡ. ಇಲ್ಲಿ ತೋಡೋ ಹಾಗಿಲ್ಲ. ಇದು ಕೋಟೆ."

ತೋಡಣ್ಣ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಹುಲ್ಲು, ಕುರುಚಲು ಗಿಡ, ಮೇಯುತ್ತಿದ್ದ ಎರಡು ಕುರಿ.

"ಯಾವುದು?"

"ಇದು."

"ಇದು ದಿಬ್ಬ."

"ಹೂಂ. ಈ ದಿಬ್ಬವೇ ಕೋಟೆ."

"ದಿಬ್ಬ ಕಾಣ್ತಾ ಇದೆ. ಕೋಟೆ ಎಲ್ಲಿ?"

ಅಳತೆಯಮ್ಮ ಕೋಲನ್ನು ದಿಬ್ಬದ ಕಡೆಗೆ ಇನ್ನೊಮ್ಮೆ ಚಾಚಿದಳು. ತೋಡಣ್ಣ ಇಳಿದು ಬಂದು, ಬುಡದ ಸುತ್ತ ಒಂದು ಸುತ್ತು ಹಾಕಿಕೊಂಡು ಬಂದ. ಒಂದು ಕಲ್ಲು ಸಿಕ್ಕಿತು. ಎತ್ತಿ ತೋರಿಸಿದ.

"ಇದಾ?"

"ಅಲ್ಲ. ಅದು ಬರೀ ಕಲ್ಲು."

ಅವನಿಗೆ ತಲೆಬುಡ ತಿಳಿಯಲಿಲ್ಲ. ಕಲ್ಲಿಲ್ಲದ್ದು ಕೋಟೆ, ಕಲ್ಲಾದರೆ ಕೋಟೆಯಲ್ಲ. ಇದೆಂಥ ಮಾತು?

ಅಳತೆಯಮ್ಮ ಉಪಕರಣ ಕೆಳಗಿಳಿಸಿ ವಿವರಿಸಿದಳು. "ಎಂಟೊಂಬತ್ತು ನೂರು ವರ್ಷದ ಹಿಂದಿನ ಮಾತು. ಆಗ ಎಲ್ಲಾ ಕಡೆ ಕಲ್ಲಿನ ಕೋಟೆ ಕಟ್ಟೋಕೆ ಆಗ್ತಿರಲಿಲ್ಲ. ಕಲ್ಲು ಇರಬೇಕು, ಕಾಲ ಬೇಕು, ಕೆಲಸಗಾರರು ಬೇಕು. ಹಗೆಯವರು ಹತ್ತಿರ ಬಂದಿದಾರೆ ಅಂದ್ರೆ ಕಾಯ್ತಾ ಕೂರೋಕಾಗುತ್ತಾ? ಸುತ್ತ ಆಳವಾಗಿ ಕಂದಕ ತೋಡೋರು. ತೋಡಿದ ಮಣ್ಣನ್ನ ನಡುವೆ ಪದರ ಪದರವಾಗಿ ಹಾಕಿ ಬಡಿದು ಎತ್ತರ ಮಾಡೋರು. ಅದರ ನೆತ್ತಿ ಮೇಲೆ ಮರದ ಬೇಲಿ, ಮರದ ಕಾವಲುಮನೆ. ಕೋಟೆ ಅಂದ್ರೆ ಅದೇ."

"ಆ ಮರ ಎಲ್ಲಿ?"

"ಕೊಳೆತು ಹೋಯ್ತು."

"ಅಂದ್ರೆ ಕೋಟೆ ಕೊಳೆತು ಹೋಯ್ತು, ಮಣ್ಣು ಉಳೀತು. ಉಳಿದ ಮಣ್ಣು ತಾನೇ ನಾನು ಕೇಳ್ತಿರೋದು?"

ಅಷ್ಟರಲ್ಲಿ ಅಳತೆಯಮ್ಮನ ಫೋನು ಬಡಿದುಕೊಂಡಿತು. "ಕಾನೂನಿದೆ. ತೋಡಿದ್ರೆ ದಂಡ ಬೀಳುತ್ತೆ, ಯಂತ್ರಾನೂ ಹಿಡ್ಕೊಂಡು ಹೋಗ್ತಾರೆ. ನೀವು ಈ ಊರಿನವರು, ನೀವೇ ಇದನ್ನ ಕಾಪಾಡ್ಬೇಕು" ಎಂದು ಹೇಳಿ, ಫೋನನ್ನು ಕಿವಿಗಿಟ್ಟುಕೊಂಡು ಹೊರಟುಹೋದಳು.

ತೋಡಣ್ಣ ಯಂತ್ರವನ್ನು ರಸ್ತೆಯಲ್ಲಿ ಬಿಟ್ಟು ಅಕ್ಕನ ಮನೆಗೆ ಬಂದ. ಅಕ್ಕ ಮೇಜಿನ ಮೇಲೆ ಬಟ್ಟೆ ಹರಡಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಮಣ್ಣೆಲ್ಲಿ?"

"ಅದು ಕೋಟೆಯಂತೆ."

"ಯಾವುದು ಕೋಟೆ?"

"ಮಣ್ಣು."

ಅಕ್ಕ ಈಗ ತಲೆ ಎತ್ತಿದಳು. ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ ಭಾವ ಒಂದು ಕಾಲಲ್ಲೇ ನಿಂತ. "ದಿನಾ ಅದರ ಮೇಲೆ ಹತ್ತಿ ಇಳಿದು ಆಚೆ ಬೀದಿಗೆ ಹೋಗ್ತೀನಿ. ಕೋಟೆ ಅಂತ ಗೊತ್ತಿದ್ರೆ ಸ್ವಲ್ಪ ಎದೆ ಸೆಟೆಸಿಕೊಂಡು ನಡೀತಿದ್ದೆ."

"ನಗೋದು ಆಮೇಲೆ ನಗಿ" ಎಂದಳು ಅಕ್ಕ. "ಮೋಡ ನೋಡಿದ್ರಾ? ಯಾವ ಕಾಲದ್ದೋ ರಾಜನ ಮಣ್ಣು ಹಾಗೇ ಇರ್ಲಿ, ನನ್ನ ಕೋಣೆ ಮುಳುಗ್ಲಿ ಅಂತಾನಾ ಇವರ ಲೆಕ್ಕ? ಏನೋ ತಮ್ಮ, ನೀನಾದ್ರೂ ಕೇಳ್ಬಾರ್ದಿತ್ತಾ?"

"ಕೇಳ್ದೆ ಅಕ್ಕ. ಕಾಪಾಡಿ ಅಂದ್ರು."

"ಯಾರನ್ನ?"

"ಮಣ್ಣನ್ನ."

ಅಕ್ಕ ಸೀಮೆಸುಣ್ಣ ಕೆಳಗಿಟ್ಟಳು. ಅವಳು ಸಿಟ್ಟಾದಾಗ ಬೈಯುವುದಿಲ್ಲ, ಕೆಲಸ ನಿಲ್ಲಿಸುತ್ತಾಳೆ. ಅದು ಬೈಗುಳಕ್ಕಿಂತ ಕಷ್ಟ.

ಆ ಸಂಜೆ ತೋಡಣ್ಣ ಯೋಚಿಸಿದ. ಕಾನೂನಿನ ಜೊತೆ ಗುದ್ದಾಡುವುದು ಆಗದ ಮಾತು. ಕಾಪಾಡಿ ಎಂದಿದ್ದಾರೆ. ಚೆನ್ನಾಗಿ ಕಾಪಾಡಿ ತೋರಿಸಿದರೆ ಕಚೇರಿಯವರ ಮನಸ್ಸು ಕರಗಿ, ಒಂದು ಬದಿಯಿಂದ ನಾಲ್ಕು ಗಾಡಿ ಮಣ್ಣು ಒಯ್ಯಲು ಬಿಟ್ಟಾರು. ಈ ಯೋಚನೆ ಅವನಿಗೇ ಎಷ್ಟು ಹಿಡಿಸಿತೆಂದರೆ, ಮರುದಿನ ಬೆಳಕು ಹರಿಯುತ್ತಲೇ ಹಾರೆ ಗುದ್ದಲಿಗಳೊಂದಿಗೆ ದಿಬ್ಬದ ಮೇಲಿದ್ದ. ಕೋಟೆಯೆಂಬ ಗೌರವಕ್ಕೆ ಯಂತ್ರವನ್ನು ತರಲಿಲ್ಲ.

ಒಬ್ಬ ಮಣ್ಣಿನ ಕೆಲಸಗಾರನಿಗೆ ಕಾಪಾಡುವುದೆಂದರೆ ಏನು? ಬೇಲಿ ಹಾಕುವುದು. ಬೇಲಿಗೆ ಕಂಬ ಬೇಕು, ಕಂಬಕ್ಕೆ ಗುಂಡಿ ಬೇಕು. ದಿಬ್ಬದ ನೆತ್ತಿಯ ಅಂಚಿನಲ್ಲಿ ಗುಂಡಿ ತೋಡಲಾರಂಭಿಸಿದ. ಇಳಿಜಾರಿನ ಮಣ್ಣು ಜಾರದಿರಲೆಂದು ನೆಡಲು ಸಸಿಗಳನ್ನು ತಂದಿದ್ದ. ಕಚೇರಿಯವರು ಬಂದರೆ ಕಾಲು ಜಾರಬಾರದೆಂದು, ಬುಡದ ತಗ್ಗಿಗೆ ಒಂದಿಷ್ಟು ಇಟ್ಟಿಗೆ ಚೂರು ಸುರಿದು ನೆಲ ಸಮ ಮಾಡಿಯೂ ಇಟ್ಟ. ರಜೆಯಲ್ಲಿದ್ದ ಭಾವ ಸಸಿಗಳ ಬುಟ್ಟಿ ಹಿಡಿದು ಜೊತೆಗಿದ್ದ.

ಬಿಸಿಲೇರುವ ಹೊತ್ತಿಗೆ ಅಳತೆಯಮ್ಮ ಬಂದಳು. ಕೆಳಗೇ ನಿಂತು ತಲೆಯ ಮೇಲೆ ಕೈಯಿಟ್ಟುಕೊಂಡಳು.

"ನಿಲ್ಸಿ."

ತೋಡಣ್ಣ ಹಾರೆಯನ್ನು ಹಿಡಿದಲ್ಲೇ ಹಿಡಿದು ನಿಂತ. "ಮತ್ತೆ ಯಾಕಮ್ಮಾ? ತೆಗೀಬೇಡ ಅಂದ್ರಿ. ನಾನು ತೆಗೀತಾ ಇಲ್ಲ, ಹಾಕ್ತಾ ಇದೀನಿ."

"ಹಾಕೋ ಹಾಗೂ ಇಲ್ಲ."

"ಬೇಲಿ?"

"ಬೇಡ."

"ಗಿಡ?"

"ಬೇಡ. ಬೇರು ಒಳಗೆ ಇಳಿದು ಪದರಗಳನ್ನ ಸೀಳುತ್ತೆ. ನಾಳೆ ಮರ ದೊಡ್ಡದಾಗಿ ಗಾಳಿಗೆ ಬಿದ್ರೆ, ಬುಡದ ಜೊತೆ ಗಾಡಿಗಟ್ಟಲೆ ಮಣ್ಣು ಕಿತ್ತು ಬರುತ್ತೆ. ಇದಕ್ಕೆ ಹುಲ್ಲೇ ಸರಿಯಾದ ಹೊದಿಕೆ."

"ಸರಿ. ಆ ಹಳ್ಳ ಸಮ ಮಾಡಿದ್ದಾದ್ರೂ ಒಳ್ಳೇದಾಯ್ತಲ್ಲ?"

"ಅದು ಹಳ್ಳ ಅಲ್ಲ, ಕಂದಕ. ಅದೂ ಕೋಟೆನೇ."

ತೋಡಣ್ಣ ಹಾರೆಯನ್ನು ಕೆಳಗೆ ಬಿಟ್ಟ. "ಎತ್ತರ ಇರೋದೂ ಕೋಟೆ, ತಗ್ಗು ಇರೋದೂ ಕೋಟೆ. ತೆಗೆದ್ರೂ ತಪ್ಪು, ಹಾಕಿದ್ರೂ ತಪ್ಪು. ಕೋಟೆ ಅಲ್ಲದ್ದು ಏನಾದ್ರೂ ಇದ್ಯಾ ಇಲ್ಲಿ?"

"ಮೆತ್ತಗೆ ಮಾತಾಡು" ಎಂದ ಭಾವ. "ನಾನೂ ಕೋಟೆ ಅಂದುಬಿಟ್ಟಾರು. ಆಮೇಲೆ ಮನೆಗೆ ಹೋಗೋಕೂ ಅನುಮತಿ ಬೇಕಾಗುತ್ತೆ."

ಅಳತೆಯಮ್ಮನಿಗೆ ನಗು ತಡೆಯಲಾಗಲಿಲ್ಲ. ಏದುಸಿರು ಬಿಡುತ್ತ ಮೇಲೆ ಹತ್ತಿ ಬಂದಳು. "ತಪ್ಪು ನಂದೂ ಇದೆ. ಕಾಪಾಡಿ ಅಂದೆ, ಹೇಗೆ ಅಂತ ಹೇಳಲಿಲ್ಲ. ಎಷ್ಟು ಗುಂಡಿ ತೋಡಿದೀರಿ, ತೋರಿಸಿ."

ತೋಡಣ್ಣ ತೋರಿಸಿದ. ಅವಳು ಮಂಡಿಯೂರಿ ಕೊನೆಯ ಗುಂಡಿಯೊಳಗೆ ತಲೆ ತಗ್ಗಿಸಿದಳು. ಸುಮಾರು ಹೊತ್ತು ಏಳಲಿಲ್ಲ. ಜೇಬಿನಿಂದ ಸಣ್ಣ ಕುಂಚ ತೆಗೆದು ಗುಂಡಿಯ ಬದಿಯನ್ನು ಮೃದುವಾಗಿ ಒರೆಸಿದಳು.

ಅಷ್ಟರಲ್ಲಿ ಅಕ್ಕ ದಿಬ್ಬ ಹತ್ತಿ ಬಂದಳು. ಮಣ್ಣು ಬರುತ್ತದೆಯೋ ಇಲ್ಲವೋ ಎಂದು ಖಚಿತವಾಗಿ ತಿಳಿದುಕೊಳ್ಳಲು ಬಂದವಳು, ಗುಂಡಿಯ ಸುತ್ತ ಮೂವರು ಬಗ್ಗಿರುವುದನ್ನು ಕಂಡು ತಾನೂ ಬಗ್ಗಿದಳು.

"ಏನು ಬಿದ್ದೋಯ್ತು?"

"ಏನೂ ಬಿದ್ದಿಲ್ಲ. ಇಲ್ಲಿ ನೋಡಿ" ಎಂದಳು ಅಳತೆಯಮ್ಮ.

ಗುಂಡಿಯ ಬದಿಯ ಮಣ್ಣು ಹಳದಿ. ಅದರ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಕಪ್ಪು ಪಟ್ಟೆ. ತೊಡೆಯಷ್ಟು ಅಗಲ, ಅಂಚು ನೇರ. ಪಟ್ಟೆಯ ಎರಡೂ ಪಕ್ಕಗಳಲ್ಲಿ ಮುಷ್ಟಿ ಗಾತ್ರದ ಕಲ್ಲುಗಳು ಒತ್ತಿ ಕೂತಿದ್ದವು.

"ಮಣ್ಣೇ" ಎಂದ ತೋಡಣ್ಣ. "ಕಪ್ಪು ಮಣ್ಣು."

"ಮಣ್ಣೇ. ಆದ್ರೆ ಇದು ಮುಂಚೆ ಮರ ಆಗಿತ್ತು. ಇಲ್ಲಿ ಯಾರೋ ಒಂದು ಗುಂಡಿ ತೋಡಿ ಕಂಬ ನೆಟ್ಟಿದ್ರು. ಕೋಟೆಯ ಬೇಲಿ ಕಂಬ. ಅದು ನಿಂತಲ್ಲೇ ಕೊಳೀತು, ಬಣ್ಣ ಮಾತ್ರ ಉಳೀತು. ಇಂಥ ಕಲೆಗಳ ಸಾಲು ಹಿಡಿದು ಹೋದ್ರೆ ಬೇಲಿ ಎಲ್ಲಿತ್ತು, ಬಾಗಿಲು ಯಾವ ಕಡೆ, ಮೇಲಿನ ಮನೆ ಎಷ್ಟು ದೊಡ್ಡದು, ಎಲ್ಲಾ ಹೇಳಬಹುದು. ಈ ಜನದ ಬಗ್ಗೆ ಎಲ್ಲೂ ಬರೆದಿಟ್ಟಿಲ್ಲ. ಇರೋದು ಇಷ್ಟೇ."

ತೋಡಣ್ಣ ಕಪ್ಪು ಪಟ್ಟೆಯನ್ನಲ್ಲ, ಅದರ ಪಕ್ಕದ ಕಲ್ಲುಗಳನ್ನು ನೋಡುತ್ತಿದ್ದ. ಕಂಬ ಅಲುಗದಿರಲು ಬುಡಕ್ಕೆ ಕಲ್ಲು ಜಡಿಯುವುದು ಅವನು ದಿನವೂ ಮಾಡುವ ಕೆಲಸ. ಆ ಬೆಳಿಗ್ಗೆ ತನ್ನ ಕಂಬಗಳಿಗೆಂದು ಅಂಥವೇ ಕಲ್ಲುಗಳನ್ನು ಬುಟ್ಟಿಯಲ್ಲಿ ಹೊತ್ತು ತಂದಿದ್ದ. ದೊಡ್ಡದು ಕೆಳಗೆ, ಚಿಕ್ಕದು ಸಂದಿಗೆ. ಇಲ್ಲಿಯೂ ಹಾಗೆಯೇ ಇತ್ತು.

"ಇವನೂ ನನ್ನ ಹಾಗೇ ಜಡಿದಿದಾನೆ" ಎಂದ. ಅಳತೆಯಮ್ಮನ ಕಡೆಗೆ ತಿರುಗಿ ಕೇಳಿದ, "ನಿನ್ನೆ ನಾನು ಯಂತ್ರ ಹಾಕಿದ್ರೆ?"

"ಒಂದು ಬಕೆಟ್ಟಿಗೆ ಇಂಥವು ಎಷ್ಟೋ ಹೋಗ್ತಿದ್ವು."

"ಆಮೇಲೆ ಮಣ್ಣು ವಾಪಸ್ ತಂದು ಹಾಕಿದ್ರೆ?"

"ಮಣ್ಣು ವಾಪಸ್ ಬರುತ್ತೆ. ಪದರ ಬರಲ್ಲ."

ಅಕ್ಕ ಗುಂಡಿಯ ಬದಿಯನ್ನು ಬೆರಳಿನಿಂದ ಮುಟ್ಟಹೋಗಿ, ಕೈ ಹಿಂದೆಗೆದುಕೊಂಡಳು. "ಹಳೇ ಬಟ್ಟೆಯ ಹೊಲಿಗೆ ಬಿಚ್ಚಿದ್ರೂ ಸೂಜಿ ತೂತು ಇರುತ್ತೆ. ಅದನ್ನ ನೋಡೇ ಇಲ್ಲಿ ತೋಳಿತ್ತು, ಇಲ್ಲಿ ಜೇಬಿತ್ತು ಅಂತ ಹೇಳ್ತೀನಿ ನಾನು. ಹಾಗೆ ತಾನೇ ಇದು?"

"ಹಾಗೇ" ಎಂದಳು ಅಳತೆಯಮ್ಮ. "ನಾನು ಇನ್ಮೇಲೆ ಹೀಗೇ ಹೇಳ್ತೀನಿ."

"ಹೇಳಿ, ಹೇಳಿ. ಆದ್ರೆ ನನ್ನ ಕೋಣೆಗೆ ಏನು ಮಾಡ್ತೀರಿ? ಇದು ಉಳೀಲಿ, ನಂಗೇನೂ ಹೊಟ್ಟೆಕಿಚ್ಚಿಲ್ಲ. ನಾನು ಮುಳುಗ್ಬೇಕಾ?"

ಅಳತೆಯಮ್ಮ ಕುಂಚವನ್ನು ಜೇಬಿಗಿಟ್ಟಳು. "ಅದು ನಂಗೆ ಗೊತ್ತಿಲ್ಲ."

ತೋಡಣ್ಣನಿಗೆ ತಲೆಯೊಳಗೆ ನೂಲಿನುಂಡೆ ಗೋಜಲಾದಂತಿತ್ತು. ದಿಬ್ಬ ಮುಟ್ಟುವಂತಿಲ್ಲ. ಅದು ಈಗ ಅವನಿಗೂ ಒಪ್ಪಿಗೆಯೇ. ಆದರೆ ಮೋಡಗಳು ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ. ಅಕ್ಕ ಕೋಣೆಗೆ ಬೀಗ ಹಾಕುವುದನ್ನು, ಬೆಳಗಾದರೆ ಬುತ್ತಿ ಹಿಡಿದು ಕಾರ್ಖಾನೆಯ ಸಾಲಿನಲ್ಲಿ ನಿಲ್ಲುವುದನ್ನು ಅವನು ಊಹಿಸಿಕೊಂಡ.

ಅಕ್ಕನೇ ಮಾತು ಮುಂದುವರಿಸಿದಳು. "ಒಂದು ಮಾತು ಕೇಳ್ತೀನಿ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ನೀರು ಬರ್ತಿರಲಿಲ್ಲ. ದಿಬ್ಬ ಆಗ್ಲೂ ಇತ್ತು. ಮಳೆ ಆಗ್ಲೂ ಬರ್ತಿತ್ತು. ನನ್ನ ಹಿತ್ತಲೂ ಇಷ್ಟೇ ತಗ್ಗಿತ್ತು. ಹಾಗಾದ್ರೆ ಈಗ ಬದಲಾಗಿರೋದು ಏನು?"

ಇದು ಕೇಳಬೇಕಾದ ಪ್ರಶ್ನೆ. ಲೆಕ್ಕದಲ್ಲಿ ಮೊತ್ತ ಬದಲಾಗಿದ್ದರೆ ಯಾವುದೋ ಒಂದು ಅಂಕಿ ಬದಲಾಗಿರಲೇಬೇಕು. ಅಳತೆಯಮ್ಮ ದಿಬ್ಬದ ಅಂಚಿಗೆ ಹೋಗಿ ಕೆಳಗೆ ನೋಡಿದಳು. ಉಳಿದವರೂ ನೋಡಿದರು. ಅದುವರೆಗೆ ಯಾರೂ ಗಮನಿಸದಿದ್ದುದು ಈಗ ಮೇಲಿನಿಂದ ಕಂಡಿತು. ಬುಡದ ಕಂದಕ ಒಂದು ಉಂಗುರ. ಮೇಲಿನ ಬೀದಿಯ ನೀರು ಒಂದು ಬದಿಯಲ್ಲಿ ಅದಕ್ಕೆ ಇಳಿಯಬೇಕು, ದಿಬ್ಬವನ್ನು ಬಳಸಿಕೊಂಡು ಅಕ್ಕನ ಹಿತ್ತಲಿನ ಹಿಂದೆ ಹಾದು, ಆಚೆ ಬದಿಯ ತೊರೆಗೆ ಸೇರಬೇಕು. ಆದರೆ ಅಕ್ಕನ ಹಿತ್ತಲಿನ ಹಿಂದೆ ಉಂಗುರ ಮುರಿದಿತ್ತು. ಅಲ್ಲಿ ಕಂದಕವೇ ಇರಲಿಲ್ಲ. ಕಳೆ ಬೆಳೆದ ಇಟ್ಟಿಗೆ, ಗಾರೆ, ಹೆಂಚಿನ ರಾಶಿ ದಂಡೆಯ ಮಟ್ಟಕ್ಕೆ ತುಂಬಿಕೊಂಡಿತ್ತು. ಬಂದ ನೀರು ಅಲ್ಲಿ ನಿಂತು, ದಾರಿ ಕಾಣದೆ, ಹಿತ್ತಲಿಗೆ ನುಗ್ಗುತ್ತಿತ್ತು.

ಭಾವ ಕಣ್ಣು ಕಿರಿದು ಮಾಡಿದ. "ಆ ನೀಲಿ ಗೋಡೆ ಚೂರು ಮೂಲೆಮನೆಯವರದ್ದಲ್ವಾ? ಸಹಿ ಹಾಕಿಸ್ಕೊಳೋಕೆ ಹೋದಾಗ ಅದಕ್ಕೇ ಒರಗಿ ನಿಲ್ತಿದ್ದೆ. ಆ ಕೆಂಪು ಹೆಂಚು ದಂತವೈದ್ಯರ ಹಳೇ ಮನೇದು. ಅರ್ಧ ಬೀದಿ ಅಲ್ಲೇ ಮಲಗಿದೆ."

ಯಾರ ಮನೆ ಕೆಡವಿದರೂ ಅವಶೇಷ ಸುರಿಯಲು ಹತ್ತಿರದ ತಗ್ಗು ಅದೇ. ಸುರಿದವನು ತೋಡಣ್ಣ. ಆ ನೆಲಕ್ಕೆ ತನ್ನಿಂದ ಉಪಕಾರವಾಯಿತೆಂದೇ ಅವನು ತಿಳಿದಿದ್ದ.

ಅಕ್ಕ ಅವನ ಕಡೆಗೆ ತಿರುಗಿದಳು. "ಲೋ" ಎಂದಳು. ಅಷ್ಟೇ.

"ಹಾಗಾದ್ರೆ ಈಗಲೇ ಯಂತ್ರ ತಂದು ತೆಗೆದುಬಿಡ್ತೀನಿ" ಎಂದು ತೋಡಣ್ಣ ಹೊರಟೇಬಿಟ್ಟ.

"ನಿಲ್ಸಿ" ಎಂದರು ಮೂವರೂ.

ಕಂದಕದ ತಳದಲ್ಲಿಯೂ ಹಳೆಯ ಪದರಗಳಿರುತ್ತವೆ. ಅಂದು ಬಿದ್ದ ಮಡಕೆಯ ಚೂರು, ಸುಟ್ಟ ಮರ, ಬೀಜ, ಮೂಳೆ, ಎಲ್ಲವೂ ಅಲ್ಲಿಯ ಕೆಸರಿನಲ್ಲಿ ಉಳಿದಿರುತ್ತವೆ. ಯಂತ್ರದ ಬಕೆಟ್ಟಿಗೆ ಹೊಸ ಇಟ್ಟಿಗೆಯೂ ಹಳೆಯ ಕೆಸರೂ ಒಂದೇ. ಅಳತೆಯಮ್ಮ ಇದನ್ನು ಹೇಳಿ, ಮೊದಲು ಗುಂಡಿಗಳನ್ನು ಅಳೆದು ಚಿತ್ರ ತೆಗೆದುಕೊಂಡಳು. ಅವುಗಳಿಂದ ಬಂದ ಮಣ್ಣನ್ನೇ ಅವುಗಳಿಗೆ ತುಂಬಿಸಿದಳು. ಬಳಿಕ ಕಚೇರಿಗೆ ಹೋಗಿ, ಕಂದಕದ ಹೊಸ ಕಸವನ್ನು ಕೈಯಿಂದ ತೆಗೆಯಲು ಅನುಮತಿ ಪಡೆದು ಬಂದಳು.

ಬೀದಿಯವರು ಬುಟ್ಟಿ ಹಿಡಿದು ಬಂದರು. ಮೂಲೆಮನೆಯವರು ಮೊದಲು ಗೊಣಗಿದರು, ತಮ್ಮದೇ ನೀಲಿ ಗೋಡೆಯನ್ನು ಕಂಡು ಸುಮ್ಮನಾದರು. ಅಳತೆಯಮ್ಮ ಕಂದಕದಲ್ಲಿ ನಿಂತು, ಇಟ್ಟಿಗೆ ಮುಗಿದು ಕಪ್ಪು ಕೆಸರು ತೋರಿದ ಕಡೆಯಲ್ಲೆಲ್ಲ ಕೈ ಎತ್ತಿ ಕೆಲಸ ನಿಲ್ಲಿಸುತ್ತಿದ್ದಳು. ತೋಡಣ್ಣನ ಯಂತ್ರ ರಸ್ತೆಯಲ್ಲಿ ಸುಮ್ಮನೆ ನಿಂತಿತ್ತು. ಅವನು ಅದನ್ನು ಆಗಾಗ ಆಸೆಯಿಂದ ನೋಡುತ್ತಿದ್ದ. ನೋಡಿ ಬುಟ್ಟಿ ಎತ್ತುತ್ತಿದ್ದ. ತೆಗೆದ ಇಟ್ಟಿಗೆ ಗಾರೆಯಲ್ಲಿ ಗಟ್ಟಿಯಿದ್ದುದನ್ನು ಅಕ್ಕನ ಹಿತ್ತಲಿಗೇ ಹಾಕಿ ಬಡಿದರು. ಹಿತ್ತಲು ಏರಿತು. ದಿಬ್ಬದಿಂದ ಒಂದು ಹಿಡಿ ಮಣ್ಣೂ ಬರಲಿಲ್ಲ.

ಮಳೆ ಬಂತು. ಹೋದ ವರ್ಷಕ್ಕಿಂತ ಜೋರಾಗಿಯೇ ಬಂತು. ತೋಡಣ್ಣ ಕೊಡೆ ಹಿಡಿದು ಹಿತ್ತಲಲ್ಲಿ ನಿಂತು ನೋಡಿದ. ಮೇಲಿನ ಬೀದಿಯ ನೀರು ಕಂದಕಕ್ಕೆ ಇಳಿಯಿತು, ದಿಬ್ಬವನ್ನು ಬಳಸಿತು, ಹಿತ್ತಲಿನ ಹಿಂದೆ ಕೆಂಪಗೆ ಹಾದು ತೊರೆಯ ಕಡೆಗೆ ಹೋಯಿತು. ಎಂದೋ ಹಗೆಯನ್ನು ತಡೆಯಲು ತೋಡಿದ ಕಂದಕ ಇಂದು ಅಕ್ಕನ ಕೋಣೆಯನ್ನು ಕಾಯುತ್ತಿತ್ತು. ಇದು ಹೇಗೆಂದು ಅವನಿಗೆ ಅರ್ಥವಾಯಿತು, ಆದರೂ ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಒಳಗೆ ಹೊಲಿಗೆಯ ಯಂತ್ರ ನಿಲ್ಲದೆ ಓಡುತ್ತಿತ್ತು.

ಕೆಲವು ದಿನಗಳ ಬಳಿಕ ಹೂಕುಂಡದ ವ್ಯಾಪಾರಿಯೊಬ್ಬ ದಿಬ್ಬದ ಬದಿಗೆ ಬುಟ್ಟಿ ಹಿಡಿದು ಬಂದ. ಅಕ್ಕ ಕಿಟಕಿಯಿಂದಲೇ ಕೂಗಿದಳು. "ಅಲ್ಲಿ ಮುಟ್ಬೇಡಿ."

"ಒಂದೇ ಒಂದು ಬುಟ್ಟಿ ಅಮ್ಮ. ಇಷ್ಟು ದೊಡ್ಡ ದಿಬ್ಬದಲ್ಲಿ ಒಂದು ಬುಟ್ಟಿ ಯಾವ ಲೆಕ್ಕ?"

"ಎಲ್ರೂ ಒಂದೊಂದೇ ಬುಟ್ಟಿ ಕೇಳೋದು. ನೀವು ಬೇರೆ ಕಡೆ ನೋಡ್ಕೊಳಿ. ಇಲ್ಲಾ ಅಂದ್ರೆ ನಮ್ಮ ಯಜಮಾನ್ರು ಬಂದು ಕೋಟೆಯ ಚರಿತ್ರೆ ಹೇಳೋಕೆ ಶುರುಮಾಡ್ತಾರೆ, ಸಂಜೆಯಾದ್ರೂ ಬಿಡಲ್ಲ."

ವ್ಯಾಪಾರಿ ಬುಟ್ಟಿ ಎತ್ತಿಕೊಂಡು ಹೋದ.

ತೋಡಣ್ಣನಿಗೆ ಒಂದು ಗೊಂದಲ ಮಾತ್ರ ಉಳಿದಿತ್ತು. ಅಳತೆಯಮ್ಮ ಕೆಲಸ ಮುಗಿಸಿ ಹೊರಡುವ ದಿನ ಅವಳನ್ನೇ ಕೇಳಿದ.

"ಇನ್ಮೇಲೆ ನಾನೇನು ಮಾಡ್ಲಿ?"

"ಏನೂ ಮಾಡ್ಬೇಡಿ."

"ಅದನ್ನ ಹೇಗೆ ಮಾಡೋದು?"

ಅಳತೆಯಮ್ಮ ನಗಲಿಲ್ಲ. "ಕಷ್ಟವೇ" ಎಂದಳು. "ಅದಕ್ಕೇ ಎಲ್ಲರ ಕೈಲೂ ಆಗಲ್ಲ."

ಓದುಗರೇ, ನಿಮ್ಮ ಮನೆಯ ಹಿಂದೆಯೂ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ದಿಬ್ಬ ಇರಬಹುದು. ಅದು ದುಂಡಗಿದ್ದು, ನೆತ್ತಿ ಮಟ್ಟಸವಾಗಿದ್ದು, ಬುಡದ ಸುತ್ತ ತಗ್ಗಿದ್ದರೆ, ಗುದ್ದಲಿ ಎತ್ತುವ ಮುನ್ನ ವಿಚಾರಿಸಿ. ಕಲ್ಲಿನ ಕೋಟೆ ತಾನು ಕೋಟೆಯೆಂದು ತಾನೇ ಹೇಳಿಕೊಳ್ಳುತ್ತದೆ. ಮಣ್ಣಿನ ಕೋಟೆಯ ಪರವಾಗಿ ಯಾರಾದರೂ ಹೇಳಬೇಕು. ಅದರಿಂದ ಮಣ್ಣು ಕಳೆಯಬೇಡಿ, ಅದಕ್ಕೆ ಕಸ ಕೂಡಿಸಬೇಡಿ. ಕಾಪಾಡುವ ಆಸೆಯಿಂದಲೂ ಅಲ್ಲಿ ಗುಂಡಿ ತೋಡಬೇಡಿ, ಮರ ನೆಡಬೇಡಿ, ಗಾಡಿ ಹತ್ತಿಸಬೇಡಿ, ಕಂದಕ ಮುಚ್ಚಬೇಡಿ. ಹುಲ್ಲು ಇರಲಿ, ಕುರಿ ಮೇಯಲಿ. ಮಳೆಗೆ ಬದಿ ಕುಸಿದರೆ, ಯಾರಾದರೂ ಅಗೆಯುವುದು ಕಂಡರೆ, ನೀವೇ ಸರಿಪಡಿಸಲು ಹೋಗಬೇಡಿ. ಚಿತ್ರ ತೆಗೆದು ಪರಂಪರೆಯ ಕಚೇರಿಗೆ ತಿಳಿಸಿ. ತೋಡಿದ ಮೇಲೆ ಕೇಳಿದರೆ ಉತ್ತರ ಕೊಡಲು ಅಲ್ಲಿ ಏನೂ ಉಳಿದಿರುವುದಿಲ್ಲ. ಇಂದೇ ಕೇಳಿ.